ಉದ್ದಣ್ಣನ ಮುಖ

ಅವಳನ್ನು ಎಲ್ಲರೂ ಅಳಿಸಮ್ಮ ಎಂದೇ ಕರೆಯುತ್ತಿದ್ದರು. ಚಿಕ್ಕಂದಿನಲ್ಲಿ ಚಿತ್ರ ಬರೆಯಲು ಕೂತರೆ ಬರೆದದ್ದಕ್ಕಿಂತ ರಬ್ಬರಿನಲ್ಲಿ ಅಳಿಸಿದ್ದೇ ಹೆಚ್ಚು. ಕಾಗದ ತೂತು ಬೀಳುವವರೆಗೂ ಕೈ ಬಿಡುತ್ತಿರಲಿಲ್ಲ. ಅವಳ ಅಣ್ಣ ರೇಗಿಸಲೆಂದು ಇಟ್ಟ ಆ ಹೆಸರು ಮದುವೆಯಾಗಿ ಬಂದ ಮೇಲೂ ಬೆನ್ನು ಬಿಡಲಿಲ್ಲ. ‘ದಡ’ ಸೇರಿದ ಮೇಲಂತೂ ಅದಕ್ಕೆ ಇನ್ನೊಂದು ಅರ್ಥವೂ ಹುಟ್ಟಿಕೊಂಡಿತು. “ಇಷ್ಟು ಚಿಕ್ಕ ಚಿತ್ರದಲ್ಲೇ ನಮ್ಮನ್ನೆಲ್ಲ ಅಳಿಸಿಬಿಡ್ತೀಯಲ್ಲ ತಾಯಿ, ಹೆಸರಿಟ್ಟೋರು ಸುಮ್ನೆ ಇಟ್ಟಿಲ್ಲ,” ಎಂದು ಅಲ್ಲಿಯ ಹೆಂಗಸರು ತಮಾಷೆ ಮಾಡುತ್ತಿದ್ದರು.

ದಡ ಎಂದರೆ ಹಡಗಿನಲ್ಲಿ ದುಡಿಯುವವರೂ ಅವರ ಮನೆಯವರೂ ಫೋನಿನಲ್ಲಿ ಕೂಡುವ ಜಾಗ. ಹಡಗಿನ ರೇಡಿಯೊ ಕೋಣೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬ ಮುದುಕರು ಅದನ್ನು ಕಟ್ಟಿದ್ದರು. ಅವರನ್ನು ಎಲ್ಲರೂ ತಂತಿ ಮಾವ ಎನ್ನುತ್ತಿದ್ದರು. ನಡು ಸಮುದ್ರದಲ್ಲಿ ಮಾತಾಡಲು ಹೋದರೆ ‘ಹಲೋ ಹಲೋ’ ಅನ್ನುವುದರಲ್ಲೇ ಕಾಲ ಕಳೆಯುತ್ತದೆ. ಫೋಟೊ ಕಳಿಸಿದರೆ ಹಣೆಯ ತನಕ ಬಂದು ನಿಲ್ಲುತ್ತದೆ. ಆದರೆ ಹೆಸರಿನ ಪಕ್ಕದಲ್ಲಿರುವ ಪುಟ್ಟ ಮುಖವನ್ನು ಬದಲಿಸಲು ಎಳೆಯಷ್ಟು ಸಿಗ್ನಲ್ ಇದ್ದರೆ ಸಾಕು. ಚಿತ್ರಗಳೆಲ್ಲ ಎಲ್ಲರ ಫೋನಿನಲ್ಲಿ ಮೊದಲೇ ಕೂತಿರುತ್ತವೆ, ‘ಈಗ ಈ ಮುಖ ತೋರಿಸು’ ಎಂಬ ಸುದ್ದಿಯಷ್ಟೇ ನೀರು ದಾಟಿ ಬರಬೇಕು. ಗಂಡ ನಗುಮುಖ ಹಾಕಿದ್ದಾನೆ ಎಂದರೆ ಬದುಕಿದ್ದಾನೆ, ಊಟ ಮಾಡಿದ್ದಾನೆ ಎಂದರ್ಥ. ಮನೆಯಲ್ಲಿ ಕಾಯುವವರಿಗೆ ಅಷ್ಟೇ ಬೇಕು.

ಆ ಮುಖಗಳನ್ನೆಲ್ಲ ಬರೆಯುತ್ತಿದ್ದವಳು ಅಳಿಸಮ್ಮ. ಹಗಲು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಬಾಟಲಿಗೆ ಅಂಟಿಸುವ ಲೇಬಲ್ಲು, ಮದುವೆ ಕಾಗದ, ಅಂಗಡಿ ರಸೀದಿಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವ ಕೆಲಸ. ಸಂಜೆ ಮನೆಗೆ ಬಂದು ಅಡುಗೆಮನೆಯ ಮೇಜಿನ ಮೇಲೆ ಟ್ಯಾಬ್ ಇಟ್ಟುಕೊಂಡು ಈ ಕೆಲಸ. ಯಾರಾದರೂ ಹೊಸಬರು ದಡಕ್ಕೆ ಬಂದರೆ ಅವರ ಫೋಟೊ ನೋಡಿ, ಅವರದೇ ಮೂಗು, ಅವರದೇ ಕೂದಲು ಇಟ್ಟು ಸಂತೋಷ, ಸಿಟ್ಟು, ಸುಸ್ತು, ಹಸಿವು, ನಿದ್ದೆ ಎಂದು ಒಂದೊಂದು ಮುಖ ಬರೆಯುತ್ತಿದ್ದಳು. ದೊಡ್ಡದಾಗಿ ಬರೆದು ಕೊನೆಗೆ ಬಟಾಣಿ ಕಾಳಿನಷ್ಟು ಕುಗ್ಗಿಸಿ ನೋಡಬೇಕು. ಆ ಅಳತೆಗೆ ಬಂದ ಮೇಲೆ ಬಾಯಿ ಬರಿಯ ಗೀಟಾಗುತ್ತದೆ, ಮಾತೆಲ್ಲ ಹುಬ್ಬಿನದೇ. ಸುಸ್ತಿಗೂ ದುಃಖಕ್ಕೂ ಕಣ್ಣಿನ ಕೆಳಗಿನ ಒಂದು ಗೆರೆಯಷ್ಟೇ ವ್ಯತ್ಯಾಸ.

ಎಲ್ಲಕ್ಕಿಂತ ಸತಾಯಿಸಿದ್ದು ‘ನೆನಪು’ ಎಂಬ ಮುಖ. ಮೊದಲು ಕಣ್ಣಿನಿಂದ ಒಂದು ಹನಿ ಇಳಿಸಿದಳು. “ನಾನೇನು ಅಳ್ತಾ ಕೂತಿಲ್ಲಪ್ಪ, ನನಗೂ ಕೆಲಸ ಇದೆ,” ಎಂದು ಹೆಂಗಸರು ಮೂಗು ಮುರಿದರು. ಕಣ್ಣು ಮುಚ್ಚಿಸಿದಳು, ನಿದ್ದೆಯಂತೆ ಕಂಡಿತು. ಬರೆದು ಅಳಿಸಿ, ಅಳಿಸಿ ಬರೆದು, ಕೊನೆಗೆ ಬಾಯಿಯನ್ನು ಹಾಗೇ ಬಿಟ್ಟು ಕಣ್ಣುಗುಡ್ಡೆಗಳನ್ನು ಮಾತ್ರ ಪಕ್ಕಕ್ಕೆ ಸರಿಸಿದಳು. ಚಿತ್ರದ ದುಂಡು ಗೆರೆಯಾಚೆ ಏನೋ ಇದೆ, ಇವರಿಗೆ ಅದು ಕಾಣುತ್ತಿಲ್ಲ, ಆದರೂ ನೋಡುತ್ತಿದ್ದಾರೆ ಅನ್ನುವ ಹಾಗೆ. ಅವತ್ತು ಯಾರೂ ತಕರಾರು ತೆಗೆಯಲಿಲ್ಲ. ದಡದಲ್ಲಿ ಬೇರೆಲ್ಲ ಮುಖಗಳಿಗಿಂತ ಅದೇ ಹೆಚ್ಚು ಓಡಾಡತೊಡಗಿತು.

ಅವಳ ಗಂಡ ಸರಕು ಹಡಗಿನಲ್ಲಿ ಬಾಣಸಿಗ. ಮುಂದಲೆ ಬೋಳು, ಗಲ್ಲದ ಮೇಲೆ ಒಂದು ಮಚ್ಚೆ, ಕಂಬಳಿ ಹುಳುವಿನಂಥ ಹುಬ್ಬು. ಬರೆಯಲು ಅವನಷ್ಟು ಸುಲಭದ ಮುಖ ಇನ್ನೊಂದಿಲ್ಲ. ಎದುರಿಗಿದ್ದಾಗ ಮಾತು ಕಡಿಮೆ. ಆದರೆ ಹಡಗಿನಿಂದ ದಿನಕ್ಕೊಂದು ಬಾರಿಯಾದರೂ ‘ನೆನಪು’ ಹಾಕದೆ ಬಿಡುತ್ತಿರಲಿಲ್ಲ. ಪ್ರೆಸ್ಸಿನಲ್ಲಿ ಕೆಲಸದ ನಡುವೆ ಫೋನು ತೆಗೆದು ಆ ಬೋಳು ತಲೆಯ ಓರೆನೋಟ ಕಂಡರೆ ಅವಳ ಹೊಟ್ಟೆ ತಣ್ಣಗಾಗುತ್ತಿತ್ತು. ತಾನೂ ‘ನೆನಪು’ ಹಾಕುತ್ತಿದ್ದಳು. ಅವನ ಕಣ್ಣು ಎಡಕ್ಕೆ, ಇವಳ ಕಣ್ಣು ಬಲಕ್ಕೆ ಇರುವಂತೆ ಬರೆದಿದ್ದಳು. ಅದು ಅವರಿಬ್ಬರಿಗೆ ಮಾತ್ರ ಗೊತ್ತಿದ್ದ ವಿಷಯ.

“ಅದೇನೇ ಅದು, ಫೋನು ನೋಡ್ಕೊಂಡು ಒಬ್ಬಳೇ ನಗೋದು?” ಎನ್ನುತ್ತಿದ್ದರು ಅತ್ತೆ. ಅವರ ಬಾಯಿಗೆ ಊರೇ ಹೆದರುತ್ತಿತ್ತು. ಅವರಿಗೂ ಒಂದಷ್ಟು ಮುಖ ಬರೆದುಕೊಟ್ಟಿದ್ದಳು. ಮೊದಲ ಸಲ ನೋಡಿದಾಗ, “ನನ್ನ ಮೂಗು ಇಷ್ಟುದ್ದ ಇದೆಯಾ? ಸೊಸೆ ಬರೆದ ಚಿತ್ರ ಅಂತ ಯಾರೂ ಹೇಳ್ಬೇಕಾಗಿಲ್ಲ ಬಿಡು,” ಎಂದಿದ್ದರು. ಆಮೇಲೆ ಸಿಟ್ಟಿನ ಮುಖ ಬಿಟ್ಟು ಬೇರೊಂದನ್ನು ಅವರು ಹಾಕಿದ್ದನ್ನು ಯಾರೂ ಕಂಡಿಲ್ಲ.

ಗಂಡನ ಜೊತೆ ಅದೇ ಹಡಗಿನಲ್ಲಿ ಉದ್ದಣ್ಣ ಎಂಬುವನಿದ್ದ. ಹಡಗಿನ ಡೆಕ್ಕಿನ ಮೇಲೆ ಹಗ್ಗ, ಸರಪಳಿಗಳ ಕೆಲಸ ಅವನದು. ಹೆಸರಿಗೆ ತಕ್ಕ ಆಳು. ಬಾಗಿಲು ದಾಟುವಾಗಲೆಲ್ಲ ಹಣೆ ಬಡಿಸಿಕೊಳ್ಳುತ್ತಿದ್ದನಂತೆ. ಇಬ್ಬರೂ ಒಂದೇ ಕೋಣೆಯಲ್ಲಿ ಮಲಗುವವರು, ಮೇಲೊಂದು ಹಾಸಿಗೆ, ಕೆಳಗೊಂದು. ದಡದಲ್ಲಿ ಉದ್ದಣ್ಣ ಯಾವಾಗ ನೋಡಿದರೂ ‘ಹಸಿವು’. ಹೊಟ್ಟೆ ಬಿರಿಯ ತಿಂದೆದ್ದರೂ ಅದೇ. ಬಾಣಸಿಗನ ಮಾನ ಕಳೆಯಲೆಂದೇ ಹಾಕುತ್ತಿದ್ದ. ಅದನ್ನು ಕಂಡು ಬಾಣಸಿಗ ‘ಸಿಟ್ಟು’ ಹಾಕುತ್ತಿದ್ದ. ಇವರ ಈ ಜಗಳ ನೋಡಿ ದಡದವರೆಲ್ಲ ನಗುತ್ತಿದ್ದರು.

ಉದ್ದಣ್ಣನ ಹೆಂಡತಿ ಬೇರೊಂದು ಊರಿನಲ್ಲಿ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ ಮಾಡುತ್ತಿದ್ದಳು. ಗಂಡನ ಎದೆಯೆತ್ತರಕ್ಕೂ ಬರದ ಗಾತ್ರ, ಮಾತು ಮಾತ್ರ ಖಾರ. ಅವನೇ ಅವಳಿಗೆ ಮೆಣಸು ಎಂದು ಹೆಸರಿಟ್ಟದ್ದು. ಅಳಿಸಮ್ಮ ಅವಳನ್ನು ಕಣ್ಣಾರೆ ಕಂಡಿರಲಿಲ್ಲ. ಫೋನಿನಲ್ಲೇ ಅಕ್ಕತಂಗಿಯರಾಗಿದ್ದರು. “ಅಕ್ಕಾ, ನಮ್ಮೋರದ್ದು ಮುಖ ಇನ್ನೂ ಸ್ವಲ್ಪ ಉದ್ದ ಮಾಡಿ. ಕುದುರೆಗೆ ಅನ್ಯಾಯ ಆದ್ರೂ ಪರವಾಗಿಲ್ಲ,” ಎಂದು ನಗಿಸುತ್ತಿದ್ದಳು.

ಹೀಗಿರುವಾಗ ಒಂದು ದಿನ ಹಡಗು ಬಿರುಗಾಳಿಗೆ ಸಿಕ್ಕಿತು. ಸಡಿಲವಾದ ಸರಕನ್ನು ಬಿಗಿಯಲು ಹೋದವರಲ್ಲಿ ಉದ್ದಣ್ಣನೊಬ್ಬ ತಿರುಗಿ ಬರಲಿಲ್ಲ. ಒಂದು ಅಲೆ ಬಂದು ಹೋಯಿತು, ಅವನು ನಿಂತಿದ್ದ ಜಾಗ ಖಾಲಿಯಿತ್ತು. ಹುಡುಕಿದರು. ಸಿಗಲಿಲ್ಲ.

ದಡದಲ್ಲಿ ಅವನ ಹೆಸರಿನ ಪಕ್ಕ ‘ಹಸಿವು’ ಹಾಗೇ ಉಳಿಯಿತು. ನಾಲಿಗೆ ಚಾಚಿ, ಕಣ್ಣು ಬಾಯಿ ಬಿಟ್ಟ ಉದ್ದ ಮುಖ. ಈಗ ಅದನ್ನು ಕಂಡು ಯಾರೂ ನಗಲಿಲ್ಲ. ತಂತಿ ಮಾವ ಅಳಿಸಮ್ಮನಿಗೆ ಫೋನು ಮಾಡಿದರು. “ತೆಗೆದುಬಿಡೋಣ ಅಂತೀಯಾ ಮಗಳೇ? ಆ ಹುಡುಗಿ ದಿನಾ ಅದನ್ನ ನೋಡ್ಬೇಕಲ್ಲ.”

ಅಳಿಸಮ್ಮ ಧೈರ್ಯ ಮಾಡಿ ಮೆಣಸನ್ನು ಕೇಳಿದಳು. ಆ ಕಡೆಯಿಂದ ಇಸ್ತ್ರಿಪೆಟ್ಟಿಗೆಯ ಹಬೆಯ ಶಬ್ದ ಮಾತ್ರ ಕೇಳಿಸಿತು. ಆಮೇಲೆ, “ಮುಟ್ಟಬೇಡಿ ಅಕ್ಕಾ,” ಎಂದಳು. “ಹಸಿದುಕೊಂಡೇ ಹೋದ್ರೇನೋ ಅನ್ಸುತ್ತೆ. ಆದ್ರೂ ಮುಟ್ಟಬೇಡಿ.”

ಅತ್ತ ಬಾಣಸಿಗ ‘ನಿದ್ದೆ’ ಹಾಕಿದವನು ಬದಲಿಸಲೇ ಇಲ್ಲ. ಹಡಗು ಬಂದರು ಸೇರುವವರೆಗೂ ಕಣ್ಣು ಮುಚ್ಚಿದ ಆ ಬೋಳು ಮುಖವನ್ನೇ ನೋಡುತ್ತ ಅಳಿಸಮ್ಮ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು.

ಬಂದ. ಬಾಗಿಲಲ್ಲಿ ನಿಂತವನ ಗುರುತು ಅವಳಿಗೆ ತಟ್ಟನೆ ಹತ್ತಲಿಲ್ಲ. ಗಡ್ಡ ಬೆಳೆದು ಮಚ್ಚೆ ಮುಚ್ಚಿಹೋಗಿತ್ತು, ಕೆನ್ನೆ ಒಳಗಿಳಿದಿತ್ತು. ತಾನು ಬರೆದ ಮುಖಗಳಲ್ಲಿ ಇದು ಯಾವುದೂ ಅಲ್ಲ. ಚೀಲ ಇಳಿಸಿ, ಅಮ್ಮನ ಕಾಲು ಮುಟ್ಟಿ, ಕೈಕಾಲು ತೊಳೆದುಕೊಂಡು ಹಿತ್ತಲ ಮೆಟ್ಟಿಲ ಮೇಲೆ ಹೋಗಿ ಕೂತ. ಮರುದಿನವೂ ಅಲ್ಲೇ ಕೂತ. ರಜೆಗೆ ಬಂದಾಗಲೆಲ್ಲ ಅವಳನ್ನು ಅಡುಗೆಮನೆಗೆ ಬಿಡದೆ ತಾನೇ ಒಲೆ ಹಿಡಿಯುತ್ತಿದ್ದವನು ಈಗ ಆ ಕಡೆ ತಲೆಯನ್ನೂ ಹಾಕಲಿಲ್ಲ. ಬಡಿಸಿದ್ದನ್ನು ಉಪ್ಪಿದೆಯೋ ಇಲ್ಲವೋ ನೋಡದೆ ತಿಂದು ಏಳುತ್ತಿದ್ದ.

“ಬಾಯಿಗೆ ಬೀಗ ಹಾಕ್ಕೊಂಡು ಬಂದಿದಾನೆ. ಬೀಗದ ಕೈ ಎಲ್ಲಿ ಬಿಟ್ಟನೋ,” ಎಂದರು ಅತ್ತೆ. ಗದರಿಸಲು ಹೋದವರು ಅವನ ತಟ್ಟೆ ಎತ್ತಿಕೊಂಡು ಒಳಗೆ ನಡೆದರು.

ಒಂದು ಸಂಜೆ ಅಳಿಸಮ್ಮ ಪಾತ್ರೆ ಒರೆಸುತ್ತ ಫೋನು ನೋಡಿದಳು. ಗಂಡನ ಹೆಸರಿನ ಪಕ್ಕ ಮುಖ ಬದಲಾಗಿತ್ತು. ‘ನೆನಪು’. ಈಗಷ್ಟೇ ಹಾಕಿದ್ದು. ಅವಳು ಕಿಟಕಿಯಿಂದ ಬಗ್ಗಿ ನೋಡಿದಳು. ಅವನು ಮೆಟ್ಟಿಲ ಮೇಲೆ ಬೆನ್ನು ತೋರಿಸಿ ಕೂತಿದ್ದ, ಕೈಯಲ್ಲಿ ಫೋನಿತ್ತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ ತಾನಿದ್ದೇನೆ, ಮತ್ತೆ ಯಾರ ನೆನಪು ಇದು? ಇಷ್ಟು ವರ್ಷ ಆ ಮುಖ ತನ್ನದೆಂದು ನಂಬಿದ್ದಳು. ಅವನು ಸಮುದ್ರದ ನಡುವೆ ಇದ್ದಾಗ ಇಷ್ಟು ದೂರ ಅನ್ನಿಸಿರಲಿಲ್ಲ. ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸುತ್ತ ನಿಂತಳು.

ಮಾರನೆಯ ದಿನ ಮೆಣಸಿನ ಫೋನು ಬಂತು.

“ಅಕ್ಕಾ, ಭಾವ ಬಂದಿದಾರಂತೆ. ಒಂದು ಮಾತು ಕೇಳಿ ಹೇಳ್ತೀರಾ? ಕಂಪನಿಯೋರು ಗಂಟೆ, ಗಾಳಿ ವೇಗ ಎಲ್ಲ ಬರೆದು ಕಳಿಸಿದ್ರು. ಅದನ್ನ ತಗೊಂಡು ನಾನೇನು ಮಾಡ್ಲಿ? ಕೊನೇಲಿ ಅವರು ಹೆಂಗಿದ್ರು? ಹೆದರಿದ್ರಾ? ಭಾವ ನೋಡಿರ್ತಾರಲ್ಲ.”

ಅಳಿಸಮ್ಮ ಮೆಟ್ಟಿಲ ಬಳಿ ಹೋಗಿ ಕೇಳಿದಳು. ಅವನು ತಲೆಯಾಡಿಸಿದ.

“ನೋಡಿದೀನಿ. ಹೇಳಕ್ಕಾಗಲ್ಲ.”

“ಯಾಕ್ರೀ? ಅವಳು ಅಷ್ಟು ದೂರದಿಂದ ಅಂಗಲಾಚ್ತಾ ಇದಾಳೆ.”

“ಹೇಳೋ ಅಂಥದ್ದಲ್ಲ ಅದು,” ಎಂದು ಎದ್ದು ಹೊರಗೆ ನಡೆದುಬಿಟ್ಟ.

ಅವಳಿಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ಟ್ಯಾಬ್ ತೆಗೆದು ಉದ್ದಣ್ಣನ ಮುಖ ಬರೆಯಲು ಕೂತಳು. ಏನು ಬರೆಯಬೇಕೆಂದು ಗೊತ್ತಿರಲಿಲ್ಲ, ಸುಮ್ಮನಿರಲು ಆಗಲಿಲ್ಲ ಅಷ್ಟೇ. ಗಂಡ ತಿರುಗಿ ಬರುವ ಹೊತ್ತಿಗೆ ಮೇಜಿನ ಮೇಲೆ ಅಂಗೈ ಅಗಲದ ಉದ್ದಣ್ಣ ಇದ್ದ. ಭಯದಿಂದ ಕಣ್ಣರಳಿಸಿ, ಬಾಯಿ ತೆರೆದವನು. ಬಾಣಸಿಗ ನೀರು ಕುಡಿಯಲು ಬಂದವನು ಲೋಟ ಹಿಡಿದುಕೊಂಡೇ ನಿಂತ.

“ಹಂಗಿರ್ಲಿಲ್ಲ ಅವನು.”

“ಮತ್ತೆ ಹೆಂಗಿದ್ದ?”

“ಬಾಯಿ ಮುಚ್ಚಿತ್ತು.”

ಅವಳು ಬಾಯಿ ಅಳಿಸಿ ಮುಚ್ಚಿದ ಬಾಯಿ ಬರೆದಳು.

“ಕೆನ್ನೆ ಊದಿತ್ತು. ಈ ಕಡೆದು.”

ಅವಳು ತಲೆಯೆತ್ತದೆ ಕೆನ್ನೆ ಊದಿಸಿದಳು. “ಯಾಕೆ, ಪೆಟ್ಟು ಬಿದ್ದಿತ್ತಾ?”

ಅವನು ಎದುರಿನ ಕುರ್ಚಿ ಎಳೆದು ಕೂತ. ಆಮೇಲೆ, “ಆಲೂಗಡ್ಡೆ,” ಎಂದ.

“ಏನು?”

“ಆಲೂಗಡ್ಡೆ ಕಣೇ. ಹಡಗು ತೊಟ್ಟಿಲ ಥರ ತೂಗ್ತಿತ್ತು. ಅಂಥದ್ರಲ್ಲೂ ನಾನು ಪಾತ್ರೆ ಕಟ್ಟಿ ಆಲೂಗಡ್ಡೆ ಬೇಯಿಸ್ತಿದ್ದೆ. ಇವನು ಬಂದ. ನಾನು ಆ ಕಡೆ ತಿರುಗಿದೆ ನೋಡು, ಕುದಿಯೋ ಪಾತ್ರೆಯಿಂದ ಒಂದನ್ನ ಎತ್ತಿ ಇಡಿಯಾಗಿ ಬಾಯಿಗೆ ಹಾಕ್ಕೊಂಡ. ಅಷ್ಟರಲ್ಲಿ ಮೇಲಿಂದ ಗಂಟೆ ಬಾರಿಸಿದ್ರು, ಎಲ್ಲ ಬನ್ನಿ ಅಂತ. ನುಂಗೋಕ್ಕಾಗಲ್ಲ, ಉಗುಳೋಕ್ಕಾಗಲ್ಲ. ಕೆನ್ನೆ ಇಷ್ಟು ದಪ್ಪ. ಕಣ್ಣಲ್ಲಿ ನೀರು. ಒಳಗೊಳಗೇ ನಗು ಬೇರೆ, ಮೂಗಿಂದ ಬರ್ತಿತ್ತು. ಹಿಂಗೆ ಕೈ ಎತ್ತಿ ಟಾಟಾ ಮಾಡಿ, ಬಾಗಿಲಿಗೆ ಹಣೆ ಬಡಿಸ್ಕೊಂಡು ಹೋದ. ನಾನು ಬಿದ್ದು ಬಿದ್ದು ನಗ್ತಿದ್ದೆ.” ಅವನು ಲೋಟವನ್ನು ಮೇಜಿನ ಮೇಲಿಟ್ಟ. “ಗಂಡನ್ನ ಕಳ್ಕೊಂಡು ಕೂತಿರೋ ಹೆಂಗಸಿಗೆ ಹೋಗಿ ಆಲೂಗಡ್ಡೆ ಕಥೆ ಹೇಳ್ಲಾ?”

ಅಳಿಸಮ್ಮ ಕೈ ನಿಲ್ಲಿಸಲಿಲ್ಲ. ಬರೆಯುತ್ತಲೇ ಹೋದಳು. ಕಣ್ಣಲ್ಲಿ ನೀರು ಹಾಕಿದರೆ ಅಳುವಂತೆ ಕಾಣುತ್ತಿತ್ತು. ಹುಬ್ಬನ್ನು ಮೇಲಕ್ಕೆ ಹಾರಿಸಿದಳು. ಆಗ ಬೆಚ್ಚಿದವನಂತೆ ಕಂಡ. “ಒಂದೇ ಹುಬ್ಬು,” ಎಂದ ಗಂಡ. “ಕಳ್ಳತನ ಮಾಡ್ದಾಗ ಒಂದೇ ಹುಬ್ಬು ಮೇಲಕ್ಕೆ ಹೋಗ್ತಿತ್ತು ಅವನದ್ದು.” ಒಂದೇ ಹುಬ್ಬು ಎತ್ತಿದಳು. ತುಟಿಯ ಮೂಲೆಯಲ್ಲಿ ಒಂದು ಸಣ್ಣ ಎಳೆ ಹಬೆ ಬರೆದಳು. ಮುಖವನ್ನು ಬಟಾಣಿಯಷ್ಟು ಕುಗ್ಗಿಸಿ ಅವನ ಮುಂದೆ ಹಿಡಿದಳು.

“ಹಾಂ,” ಎಂದ ಬಾಣಸಿಗ. “ಇವನೇ.” ಹಾಗೆಂದವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಹುಡುಗರಂತೆ ಸದ್ದು ಮಾಡಿ ಅತ್ತ. ಒಳಕೋಣೆಯಿಂದ ಅತ್ತೆ ಬಾಗಿಲವರೆಗೂ ಬಂದು, ನೋಡಿ, ಸದ್ದಿಲ್ಲದೆ ಹಿಂದಿರುಗಿದರು.

ಅಳು ನಿಂತ ಮೇಲೆ ಅಳಿಸಮ್ಮ ಕೇಳಿದಳು, “ಮೊನ್ನೆ ಹಾಕಿದ್ರಲ್ಲ, ಆ ‘ನೆನಪು’ ಯಾರದ್ದು?”

“ಅವನದ್ದು. ಹಡಗಿನದ್ದು.” ಲೋಟವನ್ನು ಪಕ್ಕಕ್ಕೆ ಸರಿಸಿ, “ನಿನ್ನದ್ದೂ,” ಎಂದ.

“ನಾನು ಇಲ್ಲೇ ಇದೀನಲ್ಲ?”

“ಅಲ್ಲಿ ಕೂತು ನಿನ್ನ ನೆನೆಸ್ಕೊಂಡು ಅಭ್ಯಾಸ ಕಣೇ. ಎದುರಿಗೇ ಇದ್ರೆ ಏನು ಮಾಡ್ಬೇಕೋ ತಿಳಿಯಲ್ಲ ನನಗೆ.”

ಅವಳಿಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಎದ್ದು ಚಹಾಕ್ಕೆ ನೀರಿಟ್ಟಳು. ಅವನು ಬಂದು ಪಕ್ಕದಲ್ಲಿ ನಿಂತು, “ಸಕ್ಕರೆ ಜಾಸ್ತಿ ಆಯ್ತು,” ಎಂದ. ಬಂದಾಗಿನಿಂದ ಅವನು ಅಡುಗೆಯ ಬಗ್ಗೆ ಆಡಿದ ಮೊದಲ ಮಾತು ಅದು.

ಆ ಚಿತ್ರವನ್ನು ಫೋನಿನಲ್ಲಿ ಕಳಿಸಲು ಇಬ್ಬರಿಗೂ ಮನಸ್ಸು ಬರಲಿಲ್ಲ. ಬಸ್ಸು ಹತ್ತಿದರು. ಮೆಣಸಿನ ಮನೆ ಲಾಂಡ್ರಿಯ ಮೇಲಿನ ಒಂದೇ ಕೋಣೆ. ಗೋಡೆಯುದ್ದಕ್ಕೂ ಯಾರ‍್ಯಾರದೋ ಅಂಗಿಗಳು ಹ್ಯಾಂಗರಿನಲ್ಲಿ ನೇತಾಡುತ್ತಿದ್ದವು, ಕೆಳಗಿನ ಬಿಸಿಗೆ ನೆಲವೂ ಬೆಚ್ಚಗಿತ್ತು. ಅವಳು ಬಾಗಿಲು ತೆರೆದು ಅಳಿಸಮ್ಮನ ಮುಖ ನೋಡಿ, “ಚಿತ್ರದಲ್ಲಿ ನಿಮ್ಮನ್ನ ನೀವೇ ತೆಳ್ಳಗೆ ಬರ್ಕೊಂಡಿದೀರಿ ಅಕ್ಕಾ,” ಎಂದಳು. ಆ ಮಾತು ಮುಗಿಯುವುದರೊಳಗೆ ಇಬ್ಬರೂ ತಬ್ಬಿಕೊಂಡಿದ್ದರು.

ಬಾಣಸಿಗ ನೆಲದ ಮೇಲೆ ಕೂತು, ತನ್ನ ಕೈಗಳನ್ನೇ ನೋಡಿಕೊಳ್ಳುತ್ತ ಎಲ್ಲ ಹೇಳಿದ. ಆಲೂಗಡ್ಡೆಯ ಮಾತು ಬಂದಾಗ ತೊದಲಿದ. ಅಳಿಸಮ್ಮ ಚಿತ್ರ ತೆರೆದು ಮೆಣಸಿನ ಮುಂದಿಟ್ಟಳು.

ಮೆಣಸು ಅದನ್ನು ನೋಡಿದಳು. ಫಕ್ಕನೆ ನಗು ಬಂತು ಅವಳಿಗೆ. “ಅಯ್ಯೋ ಇವರ! ಹೆಣ್ಣು ನೋಡೋಕೆ ಬಂದಾಗ್ಲೂ ಹಿಂಗೇ ನಾಲಿಗೆ ಸುಟ್ಕೊಂಡಿದ್ರು. ಆರೋವರೆಗೂ ಕಾಯೋ ಜನ್ಮವೇ ಅಲ್ಲ!” ನಗುತ್ತ ನಗುತ್ತ ಕಣ್ಣು ಒರೆಸಿಕೊಂಡಳು. ಒರೆಸಿದಷ್ಟೂ ಬರುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಸಣ್ಣ ದನಿಯಲ್ಲಿ ಕೇಳಿದಳು:

“ನುಂಗಿದ್ರಾ ಭಾವ?”

ಬಾಣಸಿಗ ಅವಳ ಮುಖ ನೋಡಿದ. ಸುಳ್ಳು ಹೇಳಬಹುದಿತ್ತು. “ಗೊತ್ತಿಲ್ಲಮ್ಮ,” ಎಂದ.

“ನುಂಗಿರ್ತಾರೆ,” ಎಂದಳು ಮೆಣಸು. “ಬಾಯಿಗೆ ಹಾಕಿದ್ದನ್ನ ಉಗುಳಿದೋರೇ ಅಲ್ಲ. ಹಸಿದು ಹೋಗ್ಲಿಲ್ಲ ಹಂಗಾದ್ರೆ. ಅಷ್ಟು ಸಾಕು ನನಗೆ.” ಆಮೇಲೆ ಅಳಿಸಮ್ಮನ ಕೈ ಹಿಡಿದು, “ಈಗ ಬದಲಾಯ್ಸಿ ಅಕ್ಕಾ. ಹಸಿವು ತೆಗೆದು ಇದನ್ನ ಹಾಕಿ,” ಎಂದಳು.

ತಂತಿ ಮಾವ ಅಂದೇ ಅದನ್ನು ದಡಕ್ಕೆ ಏರಿಸಿದರು. ಮೆಣಸೇ ಎಲ್ಲರಿಗೂ ಹೇಳಿದ ಆ ಆಲೂಗಡ್ಡೆ ಕಥೆ ದಡದ ತುಂಬ ಓಡಿತು. ನಕ್ಕವರೆಷ್ಟೋ, ಅತ್ತವರೆಷ್ಟೋ. ಕೆಲವರು ತಮಗೂ ಅಂಥ ಮುಖ ಬೇಕೆಂದು ಕೇಳಿದರು. “ಅದು ನಮ್ಮೋರದ್ದು, ಬೇಕಾದ್ರೆ ನಿಮ್ಮ ನಾಲಿಗೆ ನೀವು ಸುಟ್ಕೊಳ್ಳಿ,” ಎಂದು ಮೆಣಸು ಎಲ್ಲರ ಬಾಯಿ ಮುಚ್ಚಿಸಿದಳು.

ಬಾಣಸಿಗನಿಗೆ ಬಂದರಿನ ಕ್ಯಾಂಟೀನಿನಲ್ಲಿ ಕೆಲಸ ಸಿಕ್ಕಿತು. ಅಳಿಸಮ್ಮನೇ ಓಡಾಡಿ ಕೊಡಿಸಿದ್ದು. ಇನ್ನು ಮುಂದೆ ಸಂಜೆಗೆ ಮನೆಗೆ ಬರುವ ಗಂಡ ಎಂದು ಹಿಗ್ಗಿದಳು. ಬಂದನೂ ಸಹ. ಒಲೆ ಹಿಡಿದ, ಅಮ್ಮನ ಜೊತೆ ಜಗಳವಾಡಿದ, ಗಡ್ಡ ಬೋಳಿಸಿದ. ಆದರೆ ಅವಳು ಒಂದು ಮಧ್ಯಾಹ್ನ ಪ್ರೆಸ್ಸಿನ ಕೆಲಸದ ಮೇಲೆ ಆ ಕಡೆ ಹೋದಾಗ, ಅವನು ಕ್ಯಾಂಟೀನಿನ ಹಿಂದೆ ಸೌಟು ಹಿಡಿದು ನಿಂತಿದ್ದ. ದೂರದಲ್ಲಿ ಒಂದು ಹಡಗು ಹೊರಟಿತ್ತು. ಅವನ ಕಣ್ಣುಗಳು ಎಡಕ್ಕೆ ಸರಿದಿದ್ದವು. ಅವಳು ಕರೆಯದೆ ತಿರುಗಿ ಬಂದಳು.

ಊಟಕ್ಕೆ ಕೂತಾಗ ಅವಳೇ ಮಾತು ತೆಗೆದಳು. “ಹೋಗ್ಬಿಡಿ.”

“ಎಲ್ಲಿಗೆ?”

“ಗೊತ್ತಿಲ್ವಾ ಎಲ್ಲಿಗೆ ಅಂತ? ನೀವು ಇಲ್ಲಿ ಕೂತು ಅಲ್ಲಿಗೆ ಹಂಬಲಿಸೋದನ್ನ ನೋಡಕ್ಕಾಗಲ್ಲ ನನಗೆ. ನಾನೇ ಇಲ್ಲಿ ಕೂತು ನಿಮಗೆ ಹಂಬಲಿಸ್ತೀನಿ. ನನಗೆ ರೂಢಿ ಇದೆ.”

ಅವನು ಅನ್ನ ಕಲಸುವುದನ್ನು ನಿಲ್ಲಿಸಿದ. “ಇರು ಅಂದಿದ್ರೆ ಇರ್ತಿದ್ದೆ,” ಎಂದ.

“ಅದಕ್ಕೇ ಅನ್ನಲಿಲ್ಲ,” ಎಂದಳು.

ಹೊರಡುವ ದಿನ ಅತ್ತೆಯೂ ಬಂದರಿನವರೆಗೆ ಬಂದರು. ಗೇಟಿನ ಆಚೆ ಹೋದ ಮೇಲೆ ಅವನು ತಿರುಗಿ ಒಮ್ಮೆ ನಿಂತ. ಏನೋ ಹೇಳಿದ, ಕ್ರೇನಿನ ಸದ್ದಿನಲ್ಲಿ ಕೇಳಿಸಲಿಲ್ಲ. ಏನೆಂದು ಅವಳು ಕೂಗಿ ಕೇಳಲಿಲ್ಲ. ಬೋಳು ತಲೆ ಜನರ ನಡುವೆ ಕರಗುವ ತನಕ ಸರಳು ಹಿಡಿದು ನಿಂತಿದ್ದಳು.

ಮರಳುವ ಬಸ್ಸಿನಲ್ಲಿ ಅತ್ತೆ ಕಿಟಕಿ ಪಕ್ಕದ ಸೀಟನ್ನು ಅವಳಿಗೆ ಬಿಟ್ಟುಕೊಟ್ಟರು. ಮದುವೆಯಾದಾಗಿನಿಂದ ಒಮ್ಮೆಯೂ ಬಿಟ್ಟುಕೊಟ್ಟವರಲ್ಲ. “ಅತ್ತುಬಿಡೇ,” ಎಂದರು. “ಬಸ್ಸಲ್ಲಿ ಯಾರಿಗೆ ಯಾರು?”

ಅವಳು ಅಳಲಿಲ್ಲ. ಸುಸ್ತಾಗಿತ್ತು. ಅತ್ತೆಯ ಭುಜದ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದವಳಿಗೆ ನಿದ್ದೆ ಹತ್ತಿತು. ಇಳಿಯಬೇಕಾದ ಸ್ಟಾಪು ಬಂತು. ಕಂಡಕ್ಟರ್ ಹೆಸರು ಕೂಗಿ ಇವರ ಕಡೆ ನೋಡಿದ. ಅತ್ತೆ ಬಾಯಿ ಮೇಲೆ ಬೆರಳಿಟ್ಟು, ಕೈಯಲ್ಲೇ ‘ಮುಂದೆ ಹೋಗು’ ಎಂದರು. ಬಸ್ಸು ಹೊರಟಿತು.